ಧರ್ಮಪಾಠಕನ ಸನದು



ನಮ್ಮ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಶಿಲಾಸ್ತಂಭವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕುಬ್ಜಕವಿಯ ಆ ಸಂಸ್ಕೃತ ಶಾಸನವು, ಮಯೂರಶರ್ಮನು ವಿದ್ಯಾಭ್ಯಾಸಕ್ಕಾಗಿ ಕಾಂಚಿಯ ಘಟಿಕೆಯನ್ನು ಸೇರಿದ ಸಂಗತಿಯನ್ನು ಹೇಳುವಾಗ, ಜೊತೆಯಲ್ಲಿ ಹೋದ ಗುರು ವೀರಶರ್ಮನ ಹೆಸರನ್ನು ಮರೆತಿಲ್ಲ. ಅಂದಿನ ಪದವಿಯೆಂದರೆ ಗುರುವಿನ ಹೆಸರೇ ಸರಿ. ಸಮೀಪದ ಬಳ್ಳಿಗಾವೆಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳೊಡನೆ ಧರ್ಮಶಾಸ್ತ್ರವೂ ಪಾಠವಾಗುತ್ತಿದ್ದಿತೆಂದು 1162ರ ಶಾಸನವು ಸಾರುತ್ತದೆ. ಧರ್ಮಶಾಸ್ತ್ರವೆಂದರೆ ಸ್ನಾನಸಂಧ್ಯೆಗಳಷ್ಟೇ ಅಲ್ಲ. ಸಾಲ, ಸಾಕ್ಷಿ, ದಾಯಭಾಗ, ಎಲ್ಲೆಕಟ್ಟಿನ ವಿವಾದ, ಇವೆಲ್ಲವೂ ಅದರ ವ್ಯವಹಾರಕಾಂಡದಲ್ಲಿ ಬರತಕ್ಕವು. ಸಂಶಯ ಬಂದಾಗ ನಿರ್ಣಯ ಕೊಡತಕ್ಕ ಹತ್ತು ಮಂದಿಯ ಪರಿಷತ್ತಿನಲ್ಲಿ ಮನುವು ಧರ್ಮಪಾಠಕನಿಗೂ ಒಂದು ಆಸನವನ್ನು ಕೊಟ್ಟಿರುವನು. ಓದಿದವನೇ ನಿರ್ಣಯಕ್ಕೂ ಕುಳಿತುಕೊಳ್ಳುವನೆಂಬುದು ಇದರ ತಾತ್ಪರ್ಯ. ಆಂಗ್ಲರ ನ್ಯಾಯಾಲಯಗಳಲ್ಲಿಯೂ ಹಿಂದೂ ಧರ್ಮವನ್ನು ತಿಳಿಸಲು ಪಂಡಿತರಿದ್ದರು. 1864ರಲ್ಲಿ ಆ ಹುದ್ದೆಯನ್ನು ತೆಗೆದುಹಾಕಿದರು.

ಈಗ ನಮ್ಮ ಶಿಕಾರಿಪುರ, ಸೊರಬದ ಸೀಮೆಯ ಮಕ್ಕಳು, ಹೆಣ್ಣುಮಕ್ಕಳೂ ಸಹ, ಶಿವಮೊಗ್ಗೆಗೆ ಹೋಗಿ ಕಾನೂನನ್ನು ಓದುತ್ತಿರುವರು. (ಇದನ್ನು ನ್ಯಾಯಶಾಸ್ತ್ರವೆಂದು ಕರೆಯುವ ರೂಢಿಯುಂಟು, ಗೌತಮನ ತರ್ಕವನ್ನು ಓದಿದ ನನಗೆ ಆ ಮಾತು ಇಂದಿಗೂ ಕಿವಿಗೆ ಒಗ್ಗಿಲ್ಲ.) ಇವರಿಗೆ ಪಾಠ ಹೇಳತಕ್ಕವರ ಯೋಗ್ಯತೆಯೇನು? ಗೃಹಸ್ಥರು ಶುಲ್ಕವನ್ನು ವಿಚಾರಿಸುವರು, ವಸತಿಯನ್ನು ವಿಚಾರಿಸುವರು. ಇದನ್ನು ಮಾತ್ರ ವಿಚಾರಿಸುವುದಿಲ್ಲ.

ವಕೀಲಿಗೆ ಬೇಕಾದುದು ಒಂದು, ಅಧ್ಯಾಪನಕ್ಕೆ ಬೇಕಾದುದು ಇನ್ನೊಂದು. ವಕೀಲನಾಗುವವನು ಎಲ್‌ಎಲ್‌.ಬಿ. ಮುಗಿಸಿ, 1961ರ ವಕೀಲರ ಅಧಿನಿಯಮದ ಮೇರೆಗೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಯಿಸಿ ಸನದನ್ನು ಪಡೆಯಬೇಕು. 2010ರಲ್ಲಿ ಘೋಷಿತವಾದ ಅಖಿಲ ಭಾರತ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಅಧ್ಯಾಪಕನಿಗೆ ಸನದು ಬೇಕಿಲ್ಲ. ಆತನಿಗೆ ಸಾಮಾನ್ಯವಾಗಿ ನೂರಕ್ಕೆ 55 ಅಂಕಗಳೊಡನೆ ಎಲ್‌ಎಲ್‌.ಎಂ. ಬೇಕು, ಮೇಲೆ ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯೋ, ನಮ್ಮ ರಾಜ್ಯದ ಕೆ-ಸೆಟ್ಟೋ ಆಗಿರಬೇಕು. ನೆಟ್ಟಿನಲ್ಲಿ ಮೂರು ಗಂಟೆಗಳಲ್ಲಿ 150 ಪ್ರಶ್ನೆಗಳು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವುದಷ್ಟೇ ಕೆಲಸ. ಬಾಯಿ ತೆರೆದು ಒಂದು ವಾಕ್ಯವನ್ನೂ ಆಡದೆ, ಒಂದು ಪುಟವನ್ನೂ ಬರೆಯದೆ, ಬೋಧಿಸುವ ಅರ್ಹತೆಯನ್ನು ಪಡೆಯಬಹುದೆಂಬುದು ನಮ್ಮಂತಹ ಹಳಬರಿಗೆ ವಿಚಿತ್ರವಾಗಿ ತೋರದಿರದು.

ಆದರೆ ನನಗೆ ಇದಕ್ಕಿಂತಲೂ ದೊಡ್ಡ ದೋಷವಾಗಿ ಕಾಣುವುದು ಬೇರೆಯೇ ಇದೆ. ವೃತ್ತಿ ನಡೆಸುವ ವಕೀಲನು ಪೂರ್ಣಕಾಲದ ಸಂಬಳದ ನೌಕರಿಯನ್ನು ಮಾಡಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿರುವುದು. ಆದುದರಿಂದ ಪೂರ್ಣಕಾಲದ ಅಧ್ಯಾಪಕನು ವಕಾಲತ್ತನ್ನು ಹಿಡಿಯುವಂತಿಲ್ಲ. ವಕೀಲನು ಪಾಠ ಹೇಳಬಹುದು, ಆದರೆ ದಿನಕ್ಕೆ ಮೂರು ಗಂಟೆಗಳನ್ನು ಮೀರದಂತೆ. ಇದು 1979ರ ನಿಯಮ. ವೈದ್ಯವಿದ್ಯೆಯ ಗುರುವು ಬೆಳಿಗ್ಗೆ ರೋಗಿಯ ನಾಡಿಯನ್ನು ಹಿಡಿದು, ಶಿಷ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವನು. ಕಾನೂನಿನ ಗುರುವಾದರೋ ಪಾಟೀಸವಾಲಿನ ಪಾಠವನ್ನು ಹೇಳುವನೇ ಹೊರತು, ಶಿಷ್ಯನೆದುರಿಗೆ ಒಬ್ಬ ಸಾಕ್ಷಿಯನ್ನೂ ಪ್ರಶ್ನಿಸಲಾರನು.

ಇದರಿಂದ ಬಡವರಿಗೆ ಆಗುವ ನಷ್ಟವನ್ನು ನೋಡಿರಿ. ಪ್ರತಿಯೊಂದು ಕಾನೂನು ಕಾಲೇಜಿನಲ್ಲಿಯೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಉಚಿತ ಕಾನೂನು ನೆರವಿನ ಕೇಂದ್ರವಿರಬೇಕೆಂದು 2008ರ ನಿಯಮಗಳು ವಿಧಿಸಿವೆ. ಹೊಲದ ಪಹಣಿಯಲ್ಲಿ ಹೆಸರು ತಪ್ಪಿಹೋದ ವಿಧವೆಯೊಬ್ಬಳು ಅಲ್ಲಿಗೆ ಬಂದಳೆನ್ನಿ. ಅಧ್ಯಾಪಕನು ಕಾಗದಪತ್ರಗಳನ್ನು ಓದಿ, ಆಕೆಯ ಹಕ್ಕನ್ನು ಸ್ಪಷ್ಟವಾಗಿ ತಿಳಿಸಬಲ್ಲನು. ನ್ಯಾಯಾಲಯದ ಬಾಗಿಲಲ್ಲಿ ಮಾತ್ರ ಆಕೆಯನ್ನು ಬೇರೊಬ್ಬರಿಗೆ ಒಪ್ಪಿಸಿ ಹಿಂದಿರುಗಬೇಕು. ಎರಡು ಕಡೆಯ ದುಡಿಮೆಯಿಂದ ಪಾಠವು ಕೆಡುವುದೆಂಬ ಭಯವು ಅಕಾರಣವೆಂದು ನಾನು ಹೇಳಲಾರೆ. ಕಕ್ಷಿಗಾರರ ಹಿಂದೆ ಓಡುವ ಗುರುವು ತರಗತಿಯನ್ನು ಮರೆಯುವುದುಂಟು. ಆದರೆ ನೆರವಿನ ಕೇಂದ್ರಕ್ಕೆ ಬಂದ ಬಡವರ ಪರವಾಗಿ, ಶುಲ್ಕವಿಲ್ಲದೆ, ವಿದ್ಯಾರ್ಥಿಗಳ ಸಮಕ್ಷಮದಲ್ಲಿ ವಾದಿಸಲು ಅವರಿಗೆ ಅನುಮತಿ ಕೊಟ್ಟರೆ ಈ ಭಯಕ್ಕೆ ಆಸ್ಪದವೆಲ್ಲಿ?

ನಿಯಮವು ಬದಲಾಗುವವರೆಗೆ ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಎರಡು ಮಾತುಗಳನ್ನು ಕೇಳಿಕೊಳ್ಳಲಿ: ನೆರವಿನ ಕೇಂದ್ರವು ಯಾವ ದಿನ ತೆರೆದಿರುವುದು, ಮತ್ತು ನ್ಯಾಯಾಲಯದಲ್ಲಿ ನಿತ್ಯವೂ ನಿಲ್ಲುವ ವಕೀಲರು ಎಷ್ಟು ಮಂದಿ ಪಾಠಕ್ಕೆ ಬರುವರು. ಮುಂದೆ ಕಾನೂನನ್ನು ಬೋಧಿಸಬೇಕೆಂಬ ಅಪೇಕ್ಷೆಯುಳ್ಳ ಹುಡುಗಿಯು ಮೊದಲು ಕೆಲವು ವರ್ಷ ಶಿಕಾರಿಪುರದ ನ್ಯಾಯಾಲಯದಲ್ಲಿ ವೃತ್ತಿ ನಡೆಸಿ ಆಮೇಲೆ ಕಾಲೇಜಿಗೆ ಹೋಗುವುದು ಲೇಸು. ಆಗ ಅಮಾನತ್ತಿನಲ್ಲಿಟ್ಟ ಸನದನ್ನು ಅಧ್ಯಾಪನವನ್ನು ಬಿಟ್ಟ ಮೇಲೆ ಮರಳಿ ಪಡೆಯಲು ಅವಕಾಶವಿದೆ.