ಪದಕದ ಕೊಳ ದೆಹಲಿಗೆ, ಸುಳಿಯ ಹೊಳೆ ಪಾಲಾರಿಗೆ!

ಕನ್ನಡದ ಯುವಕ ಯುವತಿಯರೇ,

ದೆಹಲಿಯ ತಾಲ್ಕಟೋರಾ ಈಜುಕೊಳದ ಹೆಸರು ಕೇಳಿದ್ದೀರಾ? 1982ರ ಏಷ್ಯನ್ ಕ್ರೀಡಾಕೂಟದ ಈಜು ಸ್ಪರ್ಧೆ ನಡೆದದ್ದು ಅಲ್ಲೇ. 2010ರ ಕಾಮನ್‌ವೆಲ್ತ್ ಕೂಟಕ್ಕೆ ಅದನ್ನು ಹೊಸದಾಗಿ ಕಟ್ಟಿದರು. ಅಂಗವಿಕಲ ಈಜುಗಾರ ಪ್ರಶಾಂತ ಕರ್ಮಾಕರ್ ಅಲ್ಲಿ ಕಂಚು ಗೆದ್ದು ದೇಶದ ಮಾನ ಹೆಚ್ಚಿಸಿದರು. ಸಂತೋಷ! ಆದರೆ ಆ ಕೊಳಕ್ಕೆ ಸುರಿದದ್ದು ಯಾರ ಹಣ? ಹನೂರಿನ ಕೂಲಿಕಾರ ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯೂ ಅದರಲ್ಲಿದೆ.

ಆ ಕೂಲಿಕಾರನ ಮಕ್ಕಳಿಗೆ ಸಿಕ್ಕಿದ್ದೇನು? ಮಾದಪ್ಪನ ಬೆಟ್ಟ ಇಳಿದು ಗಡಿಯ ಪಾಲಾರಿಗೆ ಹೋಗಿ ನೋಡಿ. ಬಂಡೆ, ಮಡು, ಸುಳಿಗಳ ಕಾವೇರಿಯೇ ಅವರ ಈಜುಕೊಳ. ಮೇಲೆ ಕಬಿನಿ, ಕೆ.ಆರ್.ಎಸ್. ಗೇಟು ಎತ್ತಿದರೆ ಹೊಳೆ ಏರುತ್ತದೆ. ಕಾಲು ಜಾರಿದರೆ ಪ್ರಾಣವೇ ಹೋಗುತ್ತದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾ ಮಕ್ಕಳಿಗೆ ಈಜು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ನಮ್ಮ ಸರ್ಕಾರಕ್ಕೆ ಕೇಳಿಸುವುದು ಯಾವಾಗ?

50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಒಲಿಂಪಿಕ್ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. ನಾವು ಅಷ್ಟು ಕೇಳುತ್ತಿಲ್ಲ. 25 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳದ ಕಲಿಕೆಯ ಕೊಳಕ್ಕೆ ಅದರ ಹತ್ತನೇ ಒಂದು ಪಾಲು ನೀರು ಸಾಕು. ಜೊತೆಗೆ ಮಕ್ಕಳ ಮಾತಿನಲ್ಲೇ ಕಲಿಸುವ ಒಬ್ಬ ತರಬೇತುದಾರ, ಒಬ್ಬ ಜೀವರಕ್ಷಕ.

ಬೆಂಗಳೂರಿನ ಧಿನಿಧಿ ದೇಸಿಂಗು 2024ರಲ್ಲಿ, 14ನೇ ವಯಸ್ಸಿಗೇ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದರು. ಕೊಳ ಸಿಕ್ಕರೆ ನಮ್ಮ ಮಕ್ಕಳು ಎಲ್ಲಿಗೂ ಈಜಬಲ್ಲರು. ನಗರದ ಗೆಳೆಯರೇ, ಶುಲ್ಕ ಕಟ್ಟಿ ಕೊಳಕ್ಕಿಳಿಯುವಾಗ ಪಾಲಾರಿನ ಮಕ್ಕಳನ್ನು ನೆನೆಯಿರಿ. ಕ್ರೀಡಾ ಇಲಾಖೆಗೆ ಇಂದೇ ಒಂದು ಕಾರ್ಡು ಬರೆಯಿರಿ: ಗಡಿಯ ಮಕ್ಕಳಿಗೊಂದು ಈಜುಕೊಳ ಕೊಡಿ!