ಮನೆಯ ಮಾತು: ಎರವಿನ ಬೀಗದ ಕೈ

ಟ್ಯಾಬ್ಲೆಟ್ ಎಂಬ ಹಲಗೆಯಾಕಾರದ ಗಣಕಯಂತ್ರವನ್ನು ಕಾಣದ ಮನೆಗಳು ನಮ್ಮ ವಾಚಕರಲ್ಲಿ ಈಗ ಹೆಚ್ಚಾಗಿ ಇರಲಾರವು. ಹಿಂದೆ ಮಕ್ಕಳ ತೊಡೆಯ ಮೇಲೆ ಸ್ಲೇಟು ಇದ್ದ ಸ್ಥಳದಲ್ಲಿ ಇಂದು ಅದು ಬಂದು ಕುಳಿತಿದೆ. ಅಜ್ಜಿಯರು ಅದರಲ್ಲಿ ಹರಿಕಥೆಯನ್ನು ಕೇಳುತ್ತಾರೆ. ಗೃಹಿಣಿಯರು ಅದನ್ನು ಒಲೆಯ ಬಳಿಯಲ್ಲಿ ಒರಗಿಸಿಕೊಂಡು ಅಡಿಗೆಯ ಕ್ರಮವನ್ನು ನೋಡುತ್ತಾರೆ. ಇಷ್ಟು ಬಳಕೆಗೆ ಬಂದ ಪದಾರ್ಥದ ಒಳಗುಟ್ಟನ್ನು ಮನೆಯವರು ಕೊಂಚವಾದರೂ ತಿಳಿದಿರುವುದು ಒಳ್ಳೆಯದೆಂಬುದು ನಮಗೆ ಈಚೆಗೆ ಒಂದು ಪ್ರಸಂಗದಿಂದ ಮನವರಿಕೆಯಾಯಿತು.

ನಮ್ಮ ತೀರ್ಥರೂಪರ ಷಷ್ಟ್ಯಬ್ದಪೂರ್ತಿಯು 2007ರಲ್ಲಿ ನಡೆಯಿತು. ಆ ಸಮಾರಂಭದ ಚಿತ್ರಗಳನ್ನೂ, ತಂದೆಯವರು ಮೊಮ್ಮಕ್ಕಳನ್ನು ಹರಸಿ ಆಡಿದ ನಾಲ್ಕು ಮಾತುಗಳನ್ನೂ ಒಟ್ಟುಗೂಡಿಸಿ, ಛಾಯಾಚಿತ್ರ ತೆಗೆಯುವ ಅಂಗಡಿಯವರೊಬ್ಬರು ಒಂದು ಸಿ.ಡಿ.ಯಲ್ಲಿ ಅಳವಡಿಸಿಕೊಟ್ಟರು. ಪುಟಗಳು ನಿಜವಾದ ಪುಸ್ತಕದಂತೆಯೇ ಮಗುಚಿಕೊಳ್ಳುತ್ತಿದ್ದವು. ಅದನ್ನು ನೋಡಿ ಬಂಧುಗಳೆಲ್ಲರೂ ಬೆರಗಾದರು. ಈಗ ತಂದೆಯವರಿಲ್ಲ. ಈ ವರ್ಷ ಅವರ ಶ್ರಾದ್ಧದ ಹಿಂದಿನ ಸಂಜೆ ನಮ್ಮ ತಾಯಿಯವರು, “ಮಗು, ಅವರ ದನಿಯನ್ನು ಒಂದು ಸಲ ಕೇಳಿಸಪ್ಪ” ಎಂದರು. ಸಿ.ಡಿ.ಯಲ್ಲಿದ್ದುದನ್ನು ಟ್ಯಾಬ್ಲೆಟ್ಟಿಗೆ ಇಳಿಸಿ ತೆರೆಯಹೋದರೆ ಅದು ತೆರೆಯಲೊಲ್ಲದು. ಹಳೆಯ ಅಂಗಡಿಯು ಮುಚ್ಚಿಹೋಗಿ ಬಹುಕಾಲವಾಗಿತ್ತು. ಮೂಲ ಧ್ವನಿಯ ಪ್ರತಿಯನ್ನು ಕೇಳಿ ಪಡೆಯುವ ಬುದ್ಧಿ ಆಗ ನಮಗಿರಲಿಲ್ಲ. ದನಿ ಎಲ್ಲಿಯೂ ಹೋಗಿರಲಿಲ್ಲ, ಪೆಟ್ಟಿಗೆಯೊಳಗೇ ಇದ್ದಿತು. ಆದರೆ ಪೆಟ್ಟಿಗೆಯ ಬೀಗದ ಕೈ ನಮ್ಮದಾಗಿರಲಿಲ್ಲ. ತಾಯಿಯವರು ಏನನ್ನೂ ಅನ್ನದೆ ಒಳಗೆ ಹೋದರು. ಆ ಮೌನವೇ ನಮ್ಮನ್ನು ಈ ವಿಚಾರಣೆಗೆ ತೊಡಗಿಸಿತು.

ಆ ಚಿತ್ರಪುಸ್ತಕವು ಫ್ಲ್ಯಾಶ್ ಎಂಬ ಕ್ರಮದಲ್ಲಿ ರಚಿತವಾದುದು. ಮೊದಮೊದಲು ಜಾಲತಾಣಗಳಲ್ಲಿ ಅಕ್ಷರಗಳೂ ನಿಂತ ಚಿತ್ರಗಳೂ ಮಾತ್ರ ಕಾಣುತ್ತಿದ್ದವು. ಅವುಗಳಿಗೆ ಚಲನೆಯನ್ನೂ ಧ್ವನಿಯನ್ನೂ ಕೊಡುವುದಕ್ಕಾಗಿ ಜೊನಾಥನ್ ಗೇ ಎಂಬವರೂ ಅವರ ಸಂಗಡಿಗರೂ 1996ರಲ್ಲಿ ಒಂದು ಸಾಧನವನ್ನು ಹೊರತಂದರು. ಅದನ್ನು ಮ್ಯಾಕ್ರೋಮೀಡಿಯಾ ಎಂಬ ಸಂಸ್ಥೆಯು ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಆ ಸಂಸ್ಥೆಯನ್ನೇ ಅಡೋಬಿ ಸಂಸ್ಥೆಯು ಕೊಂಡಿತು. ಫ್ಲ್ಯಾಶ್ ಕೃತಿಯನ್ನು ನೋಡಬೇಕಾದವರು ತಮ್ಮ ಬ್ರೌಸರಿಗೆ ಪ್ಲಗ್‌ಇನ್ ಎಂಬ ಒಂದು ಜೋಡಣೆಯನ್ನು ಸೇರಿಸಿಕೊಳ್ಳಬೇಕಾಗಿತ್ತು. ಜೋಡಣೆಗೆ ಬೆಲೆಯಿರಲಿಲ್ಲ, ಆದರೆ ಅದರ ಒಳರಚನೆಯು ಸಂಸ್ಥೆಯ ಸ್ವತ್ತಾಗಿದ್ದು, ಅದನ್ನು ತಿದ್ದುವ, ಬೇರೆ ಯಂತ್ರಕ್ಕೆ ಒಗ್ಗಿಸುವ ಅಧಿಕಾರ ಅನ್ಯರಿಗಿರಲಿಲ್ಲ. ಮಕ್ಕಳ ಆಟಗಳು, ಮಗ್ಗಿಯ ಪಾಠಗಳು, ಚಲಚ್ಚಿತ್ರಗಳು ಎಲ್ಲವೂ ಇದರ ಮೂಲಕವೇ ಮನೆಗಳಿಗೆ ಬರತೊಡಗಿದವು. ಪುಕ್ಕಟೆಯಾಗಿ ದೊರೆತದ್ದೆಲ್ಲವೂ ನಮ್ಮದೇ ಆಯಿತೆಂದು ನಾವು ನಂಬಿದೆವು.

ಹೀಗಿರುವಲ್ಲಿ, 2010ನೆಯ ಇಸವಿಯ ಜನವರಿಯಲ್ಲಿ ಆ್ಯಪಲ್ ಸಂಸ್ಥೆಯು ಐಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಲೋಕಕ್ಕೆ ತೋರಿಸಿತು. ಏಪ್ರಿಲಿನಲ್ಲಿ ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿ ಫ್ಲ್ಯಾಶಿಗೆ ಎಡೆಯಿರಲಿಲ್ಲ. ಫ್ಲ್ಯಾಶ್ ಇದ್ದ ಸ್ಥಳವು ಬರಿದಾಗಿ ಕಾಣುತ್ತಿತ್ತು. ಜನರು ಆಕ್ಷೇಪಿಸಿದರು. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರು ಏಪ್ರಿಲ್ 29ರಂದು ಬಹಿರಂಗ ಪತ್ರವೊಂದನ್ನು ಪ್ರಕಟಿಸಿ ತಮ್ಮ ಕಾರಣಗಳನ್ನು ತಿಳಿಸಿದರು. ಫ್ಲ್ಯಾಶ್ ಒಂದೇ ಸಂಸ್ಥೆಯ ವಶದಲ್ಲಿರುವುದು. ಅದರಿಂದ ಯಂತ್ರವು ಕೆಟ್ಟು ನಿಲ್ಲುವುದು, ಭದ್ರತೆಗೆ ಕುಂದು ಬರುವುದು. ಬ್ಯಾಟರಿಯು ಬೇಗನೆ ಬರಿದಾಗುವುದು. ಮೌಸ್ ಹಿಡಿದು ನೋಡುವವರಿಗಾಗಿ ಮಾಡಿದ ಪುಟಗಳು ಬೆರಳಿನ ಸ್ಪರ್ಶಕ್ಕೆ ಒಗ್ಗದಿರುವುದು. ಎಲ್ಲಕ್ಕೂ ಮಿಗಿಲಾಗಿ, ತಮ್ಮ ಯಂತ್ರಕ್ಕೂ ಅದಕ್ಕಾಗಿ ತಂತ್ರಾಂಶ ಬರೆಯುವವರಿಗೂ ನಡುವೆ ಮೂರನೆಯವರೊಬ್ಬರು ಬಂದು ನಿಲ್ಲುವುದು. ಯಂತ್ರದೊಳಗಿನ ವಿಶೇಷ ಅಂಗದ ನೆರವಿನಿಂದ ನೋಡಿದರೆ ಚಲಚ್ಚಿತ್ರವು ಐಫೋನಿನಲ್ಲಿ 10 ಗಂಟೆಗಳವರೆಗೆ ಓಡುವುದೆಂದೂ, ಬರಿಯ ತಂತ್ರಾಂಶದಿಂದಾದರೆ 5 ಗಂಟೆಯೂ ನಿಲ್ಲದೆಂದೂ ಅವರು ಲೆಕ್ಕ ಕೊಟ್ಟರು. ತಮ್ಮ ಸಂಸ್ಥೆಯಲ್ಲಿಯೂ ಸ್ವಂತ ಹಕ್ಕಿನ ವಸ್ತುಗಳು ಅನೇಕವಿರುವುದನ್ನು ಒಪ್ಪಿಕೊಂಡು, ಜಾಲದ ನಿಯಮಗಳು ಮಾತ್ರ ಎಲ್ಲರಿಗೂ ತೆರೆದಿರಬೇಕೆಂದು ವಾದಿಸಿದರು.

ಮರುತಿಂಗಳಲ್ಲಿಯೇ ಅಡೋಬಿಯ ಸ್ಥಾಪಕರಾದ ಜಾನ್ ವಾರ್ನಾಕ್ ಮತ್ತು ಚಕ್ ಗೆಶ್ಕಿ ಅವರು ಪ್ರತ್ಯುತ್ತರ ಕೊಟ್ಟು, ಜಾಲವು ಯಾವ ಒಂದು ಸಂಸ್ಥೆಯ ಹಿಡಿತಕ್ಕೂ ಸಿಕ್ಕಬಾರದೆಂದು ಸಾರಿದರು. ಇಬ್ಬರ ಮಾತೂ ಕೇಳುವುದಕ್ಕೆ ನ್ಯಾಯವಾಗಿಯೇ ಇದ್ದಿತು. ಆದರೆ ಮುಕ್ತತೆಯ ಪರವಾಗಿ ಮಾತನಾಡಿದ ಇಬ್ಬರ ಸೊಂಟದಲ್ಲಿಯೂ ಬೀಗದ ಕೈಗೊಂಚಲು ತೂಗುತ್ತಿದ್ದುದನ್ನು ವಾಚಕರು ಗಮನಿಸಬೇಕು.

ಆ್ಯಪಲ್ ಬೇಡವೆಂದುದನ್ನೇ ಇತರರು ತಮ್ಮ ಹೆಗ್ಗಳಿಕೆಯಾಗಿ ಮಾಡಿಕೊಂಡರು. 2010ರ ಜೂನಿನಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಫ್ಲ್ಯಾಶ್ ಬಂದಿತು. 2011ರ ಫೆಬ್ರವರಿಯಲ್ಲಿ ಮೋಟೊರೋಲಾದ ಜೂಮ್ ಎಂಬ ಟ್ಯಾಬ್ಲೆಟ್ ಹೊರಬಿದ್ದಾಗ, ಭರವಸೆ ಕೊಟ್ಟಿದ್ದ ಫ್ಲ್ಯಾಶ್ ಅದರಲ್ಲಿ ಇನ್ನೂ ಇರಲಿಲ್ಲ, ಮರುತಿಂಗಳು ಬಂದಿತು. ಬ್ಲ್ಯಾಕ್‌ಬೆರಿಯ ಪ್ಲೇಬುಕ್ಕೂ ಹ್ಯೂಲೆಟ್ ಪ್ಯಾಕರ್ಡಿನ ಟಚ್‌ಪ್ಯಾಡೂ ಫ್ಲ್ಯಾಶನ್ನು ಹೊತ್ತುಕೊಂಡೇ ಬಂದವು. ಆದರೂ ಅವು ಐಪ್ಯಾಡನ್ನು ಗೆಲ್ಲಲಿಲ್ಲ. ಕೊನೆಗೆ 2011ರ ನವೆಂಬರಿನಲ್ಲಿ ಅಡೋಬಿಯು, ಫೋನು ಟ್ಯಾಬ್ಲೆಟ್ಟುಗಳಿಗಾಗಿ ಪ್ಲಗ್‌ಇನ್ನನ್ನು ಇನ್ನು ಮುಂದೆ ಬೆಳೆಸುವುದಿಲ್ಲವೆಂದು ತಾನೇ ಪ್ರಕಟಿಸಿತು. ಮೇಜಿನ ಗಣಕಗಳಲ್ಲಿಯೂ 2020ರ ಡಿಸೆಂಬರ್ 31ಕ್ಕೆ ಅದರ ಪೋಷಣೆ ಮುಗಿಯಿತು. 2021ರ ಜನವರಿ 12ರಿಂದ ಪ್ಲಗ್‌ಇನ್ ತಾನಾಗಿಯೇ ಕೆಲಸ ನಿಲ್ಲಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ, ಕಾಲು ಶತಮಾನದಲ್ಲಿ ಲಕ್ಷಾಂತರ ಕೈಗಳು ಮಾಡಿದ ಕೃತಿಗಳು ಒಂದು ದಿನದಲ್ಲಿ ಮೂಕವಾದವು.

ಫ್ಲ್ಯಾಶಿನ ಸ್ಥಾನವನ್ನು ತುಂಬಿದುದು ಎಚ್‌ಟಿಎಂಎಲ್5 ಎಂಬ ಬಹಿರಂಗ ನಿಯಮಾವಳಿ. 2014ರ ಅಕ್ಟೋಬರಿನಲ್ಲಿ ಜಾಗತಿಕ ಜಾಲದ ಒಕ್ಕೂಟವು ಇದಕ್ಕೆ ಅಂತಿಮ ಮುದ್ರೆಯನ್ನೊತ್ತಿತು. ಚಿತ್ರ, ಚಲನೆ, ಧ್ವನಿಗಳನ್ನು ಬ್ರೌಸರೇ ಸ್ವತಃ ತೋರಿಸುವುದರಿಂದ ಹೊರಗಿನ ಜೋಡಣೆ ಬೇಕಿಲ್ಲ. ನಿಯಮಗಳು ಎಲ್ಲರಿಗೂ ತಿಳಿದಿರುವುದರಿಂದ ಯಾರು ಬೇಕಾದರೂ ಅವುಗಳಿಗೆ ತಕ್ಕ ಬ್ರೌಸರನ್ನು ನಿರ್ಮಿಸಬಹುದು.

ಇಲ್ಲಿ ಮುಕ್ತ ತಂತ್ರಾಂಶದ ಮಾತು ಬರುತ್ತದೆ. ನಮ್ಮ ಸೋದರಿಯರಿಗೆ ಇದನ್ನು ಅಡಿಗೆಮನೆಯ ಉದಾಹರಣೆಯಿಂದ ತಿಳಿಸುವುದು ಸುಲಭ. ಅಂಗಡಿಯ ಸಾರಿನ ಪುಡಿ ರುಚಿಯಾಗಿರಬಹುದು. ಆದರೆ ಅದರ ಹದವನ್ನು ಅಂಗಡಿಯವನು ಹೇಳನು. ಅಂಗಡಿ ಮುಚ್ಚಿದ ದಿನ ಆ ರುಚಿಯೂ ಮುಗಿಯಿತು. ಅತ್ತೆಯು ಸೊಸೆಗೆ ಹೇಳಿಕೊಟ್ಟ ಪುಡಿಯ ಹದವಾದರೋ, ಕೈಯಿಂದ ಕೈಗೆ ದಾಟುತ್ತ ಉಳಿಯುತ್ತದೆ. ಖಾರ ಹೆಚ್ಚೆನಿಸಿದವರು ಮೆಣಸಿನಕಾಯನ್ನು ಕಡಿಮೆ ಮಾಡಿಕೊಳ್ಳಬಹುದು. ಹದವನ್ನು ಬಚ್ಚಿಡದೆ, ಓದಲೂ ತಿದ್ದಲೂ ಹಂಚಲೂ ಅನುಮತಿ ಕೊಟ್ಟ ತಂತ್ರಾಂಶವೇ ಮುಕ್ತ ತಂತ್ರಾಂಶ.

ಇಂದಿನ ಟ್ಯಾಬ್ಲೆಟ್ಟುಗಳು ಬಹುಮಟ್ಟಿಗೆ ಇಂತಹ ಹಂಚಿದ ಹದದ ಮೇಲೆ ನಿಂತಿವೆ. ಆಂಡ್ರಾಯ್ಡಿನ ತಳಹದಿಯು, ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್. ಐಪ್ಯಾಡಿನ ಬ್ರೌಸರಿನ ಒಳಯಂತ್ರವಾದ ವೆಬ್‌ಕಿಟ್, ಕೆಡಿಇ ಎಂಬ ಸ್ವಯಂಸೇವಕರ ಬಳಗವು ರಚಿಸಿದ ಕೆಎಚ್‌ಟಿಎಂಎಲ್‌ನಿಂದ ಬೆಳೆದುದು. 2005ರಲ್ಲಿ ವೆಬ್‌ಕಿಟ್ಟನ್ನು ಬಹಿರಂಗವಾಗಿ ತೆರೆದಿಡಲಾಯಿತು. ಆಂಡ್ರಾಯ್ಡಿನ ಮೊದಲ ಬ್ರೌಸರೂ ಅದರಿಂದಲೇ ಹುಟ್ಟಿತು. ಪೇಟೆಯಲ್ಲಿ ಹೋರಾಡುತ್ತಿದ್ದ ಎರಡು ಮನೆಗಳಲ್ಲಿ ಒಂದೇ ಹೆಪ್ಪಿನ ಮೊಸರು ಇದ್ದಿತೆಂದರೆ ತಪ್ಪಾಗಲಾರದು.

ಕನ್ನಡಿಗರಾದ ನಮಗಂತೂ ಇದರ ಉಪಕಾರ ಪ್ರತ್ಯಕ್ಷವಾಗಿದೆ. ಹಿಂದೆ ಕನ್ನಡದ ಜಾಲತಾಣಗಳು ತಮತಮಗೆ ಬೇರೆ ಬೇರೆ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದು, ಆಯಾ ವಿನ್ಯಾಸವಿಲ್ಲದ ಗಣಕದಲ್ಲಿ ಓದುಗರಿಗೆ ಅರ್ಥವಿಲ್ಲದ ಗುರುತುಗಳೇ ಕಾಣುತ್ತಿದ್ದವು. ಯೂನಿಕೋಡ್ ಎಂಬ ಸಾಮಾನ್ಯ ಸಂಕೇತವು ಆ ಗೊಂದಲವನ್ನು ಕಳೆಯಿತು. ಆದರೂ ಮೊದಲ ಆಂಡ್ರಾಯ್ಡ್ ಯಂತ್ರಗಳಲ್ಲಿ ಕನ್ನಡವು ಬರಿಯ ಚೌಕಗಳಾಗಿ ಕಾಣುತ್ತಿದ್ದುದನ್ನು ಅನೇಕರು ಬಲ್ಲರು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲೆಯಾಳ ಲಿಪಿಗಳಿಗೆ ಆಸರೆ ದೊರೆಯಿತು. ಒತ್ತಕ್ಷರವನ್ನು ಅದರ ಸ್ಥಾನದಲ್ಲಿ ಕೂರಿಸುವ ಹಾರ್ಫ್‌ಬಝ್ ಎಂಬ ಸಾಧನವು ಮುಕ್ತ ತಂತ್ರಾಂಶವೇ.

ಇನ್ನೊಂದು ನಿದರ್ಶನ. ಮೇಲೆ ಹೇಳಿದ ಟಚ್‌ಪ್ಯಾಡ್ 2011ರ ಜುಲೈ 1ರಂದು ಮಾರಾಟಕ್ಕೆ ಬಂದಿತು. ಆಗಸ್ಟ್ 18ರಂದು ಅದನ್ನು ಕೈಬಿಡುವುದಾಗಿ ಸಂಸ್ಥೆಯು ಸಾರಿತು. ಕೊಂಡವರು ಅನಾಥರಾದರು. ಅದೇ ವರ್ಷ ಸೈಯನೋಜೆನ್‌ಮಾಡ್ ಎಂಬ ಬಳಗದವರು ಆಂಡ್ರಾಯ್ಡನ್ನು ತಿದ್ದಿ ಆ ಯಂತ್ರಕ್ಕೆ ಒಗ್ಗಿಸಿಕೊಟ್ಟರು. ತಯಾರಿಸಿದವರು ಬಿಟ್ಟ ಯಂತ್ರವನ್ನು ಬಳಸುವವರೇ ಬದುಕಿಸಿಕೊಂಡರು.

ಹಾಗೆಂದು ಮುಕ್ತವೆಂಬ ಹೆಸರಿಗೇ ಮರುಳಾಗತಕ್ಕುದಲ್ಲ. ವೆಬ್‌ಕಿಟ್ ತೆರೆದಿದ್ದರೂ, ಐಪ್ಯಾಡಿನಲ್ಲಿ ಬೇರೆ ಯಾವ ಬ್ರೌಸರ್ ಬಂದರೂ ಅದೇ ಒಳಯಂತ್ರವನ್ನೇ ಬಳಸಬೇಕೆಂಬ ಕಟ್ಟಳೆ ಬಹುಕಾಲ ನಡೆಯಿತು. 2024ರಲ್ಲಿ ಐರೋಪ್ಯ ಒಕ್ಕೂಟದ ಕಾಯಿದೆಯಿಂದ ಅದು ಆ ದೇಶಗಳಲ್ಲಿ ಸಡಿಲವಾಯಿತು. ಆಂಡ್ರಾಯ್ಡಿನ ಮೂಲವು ತೆರೆದಿದ್ದರೂ, ಅದರ ಜೊತೆಗೆ ಬರುವ ಗೂಗಲಿನ ಅಂಗಡಿಯೂ ಸೇವೆಗಳೂ ಆ ಸಂಸ್ಥೆಯ ಸ್ವಂತದ್ದೇ. ಬಾವಿಯು ಊರಿನದಾದರೂ ಹಗ್ಗವು ಒಬ್ಬರ ಮನೆಯಲ್ಲಿದ್ದರೆ, ನೀರು ಸೇದುವುದು ಅವರ ಇಷ್ಟಕ್ಕೆ ಸೇರಿದ್ದು. ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು: ಫ್ಲ್ಯಾಶ್ ಇಲ್ಲದಿದ್ದರೆ ಜಾಲಕ್ಕೆ ಚಲನೆಯೂ ಧ್ವನಿಯೂ ಅಷ್ಟು ಬೇಗನೆ ಮನೆಮನೆಗೆ ಮುಟ್ಟುತ್ತಿರಲಿಲ್ಲ. ಸ್ವಂತ ಹಕ್ಕಿನ ವಸ್ತುವು ಅನೇಕ ವೇಳೆ ದಾರಿಯನ್ನು ಕಡಿಯುತ್ತದೆ. ಆ ದಾರಿಯು ಶಾಶ್ವತವಾಗಿ ನಿಲ್ಲಬೇಕಾದರೆ ಅದು ಊರಿನದಾಗಬೇಕು.

ಇನ್ನು ನಮ್ಮ ಮನೆಯ ಕಥೆಯನ್ನು ಮುಗಿಸುವೆವು. ಶ್ರಾದ್ಧ ಮುಗಿದ ಮರುದಿನ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಂಗಿಯ ಮಗ ಬಂದನು. ಸಂಗತಿಯನ್ನು ಕೇಳಿ, “ಮಾವ, ರಫಲ್ ಅಂತ ಒಂದಿದೆ, ನೋಡೋಣ” ಎಂದನು. ಫ್ಲ್ಯಾಶ್ ಕಡತಗಳನ್ನು ಪ್ಲಗ್‌ಇನ್ ಇಲ್ಲದೆ ಬ್ರೌಸರಿನಲ್ಲಿಯೇ ನಡೆಸುವುದಕ್ಕೆ ಸ್ವಯಂಸೇವಕರು ರಚಿಸುತ್ತಿರುವ ಮುಕ್ತ ತಂತ್ರಾಂಶವಿದು. 2020ರ ನವೆಂಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹಾಲಯವು ಹಳೆಯ ಫ್ಲ್ಯಾಶ್ ಆಟಗಳನ್ನೂ ಚಿತ್ರಗಳನ್ನೂ ಇದರಿಂದಲೇ ಉಳಿಸಲು ತೊಡಗಿತು. ಅಡೋಬಿಯು ಕಡತದ ರಚನೆಯ ವಿವರಗಳನ್ನು ಹಿಂದೆಯೇ ಪ್ರಕಟಿಸಿದ್ದುದು ಇಂತಹ ಪ್ರಯತ್ನಗಳಿಗೆ ನೆರವಾಯಿತು. ಹುಡುಗನು ಕಡತವನ್ನು ಅದರಲ್ಲಿ ತೆರೆದನು. ಎರಡು ಪುಟಗಳು ತಡವರಿಸಿದವು. ಒಂದು ಚಿತ್ರವು ಬರಲೇ ಇಲ್ಲ. ಆಮೇಲೆ, ಅದೇ ಟ್ಯಾಬ್ಲೆಟ್ಟಿನಿಂದ, “ಎಲ್ಲರೂ ಚೆನ್ನಾಗಿ ಬಾಳಿ, ಒಟ್ಟಿಗೆ ಊಟ ಮಾಡುವುದನ್ನು ಬಿಡಬೇಡಿ” ಎಂಬ ಮಾತು ಕೇಳಿಸಿತು. ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದು ಸಲ ಹಾಕು” ಎಂದರು. ಯಾವ ದೇಶದ ಯಾವ ಊರಿನವರು ಬಿಡುವಿನ ವೇಳೆಯಲ್ಲಿ ಕುಳಿತು ಮಾಡಿದ ಕೆಲಸವೋ! ಅವರು ನಮ್ಮ ತಂದೆಯವರನ್ನು ಕಂಡವರಲ್ಲ. ನಾವು ಅವರ ಮುಖವನ್ನು ಕಾಣೆವು. ಅವರಿಗೆ ನಮ್ಮ ನಮಸ್ಕಾರ ಸಲ್ಲುತ್ತದೆ.

ಹುಡುಗನು ಆ ಧ್ವನಿಯನ್ನು ಬೇರ್ಪಡಿಸಿ ಸಾಮಾನ್ಯವಾದ ಎಂಪಿ3 ಕಡತವಾಗಿ ಮಾಡಿ, ಮೂರು ಮನೆಗಳಲ್ಲಿ ಮೂರು ಪ್ರತಿಗಳನ್ನಿರಿಸಿದ್ದಾನೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮದುವೆ ಮುಂಜಿಗಳ ಚಿತ್ರವನ್ನೂ ಧ್ವನಿಯನ್ನೂ ತೆಗೆಸುವಾಗ, ಅಲಂಕಾರದ ಪುಸ್ತಕದ ಜೊತೆಗೆ ಮೂಲ ಚಿತ್ರಗಳನ್ನೂ ಮೂಲ ಧ್ವನಿಯನ್ನೂ ಎಲ್ಲ ಯಂತ್ರಗಳೂ ಬಲ್ಲ ಸಾಮಾನ್ಯ ರೂಪದಲ್ಲಿ ಕೇಳಿ ಪಡೆಯಿರಿ. ಟ್ಯಾಬ್ಲೆಟ್ಟನ್ನು ಕೊಳ್ಳುವಾಗ ಬೆಲೆಯನ್ನು ಮಾತ್ರ ವಿಚಾರಿಸದೆ, ಎಷ್ಟು ವರ್ಷ ಭದ್ರತೆಯ ಪರಿಷ್ಕಾರಗಳು ಬರುವುವೆಂಬುದನ್ನೂ ವಿಚಾರಿಸಿರಿ. ಮಕ್ಕಳ ಪಾಠವು ಒಂದೇ ಸಂಸ್ಥೆಯ ಜೋಡಣೆಯಿಲ್ಲದೆ ತೆರೆಯದೆಂದಾದರೆ, ಆ ಸಂಸ್ಥೆ ನಾಳೆ ಇಲ್ಲದಿದ್ದರೆ ಪಾಠದ ಗತಿಯೇನೆಂದು ಒಮ್ಮೆ ಯೋಚಿಸಿರಿ. ಯಾವುದಾದರೂ ತಾಣವು “ಫ್ಲ್ಯಾಶ್ ಪ್ಲೇಯರನ್ನು ಹಾಕಿಕೊಳ್ಳಿ” ಎಂದು ಇಂದು ಕೇಳಿದರೆ ಅದನ್ನು ಮುಟ್ಟಬೇಡಿರಿ. ತೀರಿಹೋದುದರ ಹೆಸರಿನಲ್ಲಿ ವಂಚಕರು ಬಾಗಿಲು ತಟ್ಟುತ್ತಾರೆ.

ಎರವಿನ ಒಡವೆಯನ್ನು ಹಬ್ಬದ ದಿನ ತೊಟ್ಟು ಮೆರೆಯುವುದರಲ್ಲಿ ದೋಷವಿಲ್ಲ. ಆದರೆ ಹಿರಿಯರ ದನಿಯನ್ನು ಎರವಿನ ಬೀಗದ ಪೆಟ್ಟಿಗೆಯಲ್ಲಿ ಇಡಬಾರದು. ಇಂದು ಸಂಜೆಯೇ ಬಿಡುವು ಮಾಡಿಕೊಂಡು, ಬೀರುವಿನ ಮೂಲೆಯಲ್ಲಿರುವ ಹಳೆಯ ಸಿ.ಡಿ.ಗಳನ್ನು ಹೊರತೆಗೆದು ನೋಡಿರಿ. ತೆರೆಯುವಂತಿರುವಾಗಲೇ ತೆರೆದು ಪ್ರತಿ ಮಾಡಿಟ್ಟುಕೊಳ್ಳಿರಿ.