ಸಾಲ ಮಾಡಿ 88 ಕೀ ತರಬೇಡಿ

ನಮ್ಮ ಚಿಗವ್ವನ ಮಗ ಕಳೆದ ಯುಗಾದಿಗೆ ಕಾಳಿನ ಕೋಣೆ ಖಾಲಿ ಮಾಡಿ ಸ್ಟುಡಿಯೋ ಶುರು ಮಾಡಿದ. ಭಜನಾ ಪದ, ತತ್ವಪದ, ಜಾತ್ರೆ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಆಸೆ. ಒಳ್ಳೆಯ ಆಸೆಯೇ. ಆದರೆ ಮೊದಲು ತಂದದ್ದು ಮೈಕ್ ಅಲ್ಲ, 88 ಕೀಗಳ ಕೀಬೋರ್ಡ್ ಕಂಟ್ರೋಲರ್. ಚಿಗವ್ವ ಸಂಘದಲ್ಲಿ ಎತ್ತಿದ 40 ಸಾವಿರ ಸಾಲ ಅದಕ್ಕೇ ಹೋಯಿತು. ಡಬ್ಬಿ ಬಿಚ್ಚಿ, ವೈರ್ ಸಿಗಿಸಿ, ಸ್ಪೀಕರ್ ಜೋಡಿಸಿ ಕೀ ಒತ್ತಿದರೆ ಸದ್ದೇ ಇಲ್ಲ. "ಅಣ್ಣಾ, ಕೆಟ್ಟ ಮಾಲ್ ಕೊಟ್ಟಾರ ನೋಡು" ಅಂತ ನನಗೆ ಫೋನ್ ಬಂತು.

ಮಾಲು ಕೆಟ್ಟಿರಲಿಲ್ಲ. ಕಂಟ್ರೋಲರ್ ಒಳಗೆ ಧ್ವನಿಯೇ ಇರುವುದಿಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನುವ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ಕಳಿಸುತ್ತದೆ. ಆ ಸುದ್ದಿಯ ಭಾಷೆಗೆ ಮಿಡಿ ಅಂತ ಹೆಸರು, 1983ರಿಂದ ಬಳಕೆಯಲ್ಲಿದೆ. ಕೊಳಲು, ಸಿತಾರ್, ಪಿಯಾನೋ ದನಿ ಹುಟ್ಟುವುದು ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ. ಜಾತ್ರೆಯ ಆರ್ಕೆಸ್ಟ್ರಾದವರು ನುಡಿಸುವ ಕೀಬೋರ್ಡ್ ಬೇರೆ, ಇದು ಬೇರೆ. ಅಂಗಡಿಯವನು ಇದನ್ನು ಹೇಳಲಿಲ್ಲ. ಹೇಳಿದ್ದು ಒಂದೇ ಮಾತು: "ಫುಲ್ ಸೈಜ್ ಇಲ್ಲಾಂದ್ರ ಅದು ಸ್ಟುಡಿಯೋ ಅಲ್ರೀ."

ನನ್ನ ತಕರಾರು ಆ ಮಾತಿನ ಮೇಲೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಬುದ್ಧಿ ಹೇಳುವವರೂ ಇದನ್ನೇ ಹೇಳುತ್ತಾರೆ, ನಮ್ಮ ಹುಡುಗರು ನಂಬುತ್ತಾರೆ.

"ಫುಲ್ ಸೈಜ್" ಅನ್ನುವುದಕ್ಕೆ ಎರಡು ಅರ್ಥ ಇವೆ. ಒಂದು, ಕೀಗಳ ಅಳತೆ. ಪೂರ್ಣ ಅಳತೆಯ ಬಿಳಿ ಕೀ ಸುಮಾರು 23 ಮಿಲಿಮೀಟರ್ ಅಗಲ ಇರುತ್ತದೆ. ಅದಕ್ಕಿಂತ ಸಣ್ಣವು ಮಿನಿ ಕೀ, ಅವುಗಳ ಮೇಲೆ ದುಡಿದ ಕೈಯ ಬೆರಳು ಎರಡೆರಡು ಕೀ ಒತ್ತುತ್ತದೆ. ಈ ಅರ್ಥದಲ್ಲಿ ಫುಲ್ ಸೈಜ್ ಖಂಡಿತ ಬೇಕು. ಇನ್ನೊಂದು ಅರ್ಥ ಕೀಗಳ ಸಂಖ್ಯೆ: ಪಿಯಾನೋದಲ್ಲಿ ಇದ್ದಷ್ಟು, ಅಂದರೆ 52 ಬಿಳಿ, 36 ಕಪ್ಪು, ಒಟ್ಟು 88. ಮಾರುವವರು ಮೊದಲನೆಯದರ ಅಗತ್ಯ ತೋರಿಸಿ ಎರಡನೆಯದನ್ನು ತಲೆಗೆ ಕಟ್ಟುತ್ತಾರೆ. 49 ಕೀ, 61 ಕೀ ಇರುವ ಕಂಟ್ರೋಲರುಗಳಲ್ಲೂ ಪೂರ್ಣ ಅಳತೆಯ ಕೀಗಳು ಸಿಗುತ್ತವೆ.

ನಮ್ಮ ಭಜನಾ ಮಂಡಳಿಯ ಪೇಟಿ ನೋಡಿ. ಮೂರು, ಮೂರೂವರೆ ಸಪ್ತಕ. ಎರಡು ತಲೆಮಾರು ಅದರಲ್ಲೇ ಹಾಡಿದೆ, ಸ್ವರ ಸಾಲಲಿಲ್ಲ ಅಂತ ಯಾರೂ ಎದ್ದು ಹೋಗಿಲ್ಲ. 49 ಕೀ ಅಂದರೆ ನಾಲ್ಕು ಸಪ್ತಕ, 61 ಅಂದರೆ ಐದು. ಇನ್ನೂ ಕೆಳಗೆ, ಮೇಲೆ ಹೋಗಬೇಕಾದರೆ ಆಕ್ಟೇವ್ ಬಟನ್ ಇರುತ್ತದೆ, ಒಮ್ಮೆ ಒತ್ತಿದರೆ ಇಡೀ ಕೀಬೋರ್ಡ್ ಒಂದು ಸಪ್ತಕ ಸರಿಯುತ್ತದೆ. ಹಾಡುವವರ ಶ್ರುತಿ ಕರಿ ಒಂದಾಗಲಿ, ಬಿಳಿ ನಾಲ್ಕಾಗಲಿ, ಟ್ರಾನ್ಸ್‌ಪೋಸ್ ಬಟನ್ನಿನಿಂದ ಹೊಂದಿಸಬಹುದು.

ಕೀಗಳ ತೂಕದ ಮಾತು ಇದಕ್ಕಿಂತ ಮುಖ್ಯ. 88 ಕೀಯವುಗಳಲ್ಲಿ ದುಬಾರಿ ಜಾತಿಗೆ ಹ್ಯಾಮರ್ ಆಕ್ಷನ್ ಅನ್ನುತ್ತಾರೆ. ಪಿಯಾನೋದಲ್ಲಿ ಕೀ ಒತ್ತಿದಾಗ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದಲ್ಲ, ಆ ಭಾರ ಬೆರಳಿಗೆ ತಿಳಿಯುವ ಹಾಗೆ ಮಾಡಿರುತ್ತಾರೆ. ಪಿಯಾನೋ ಕಲಿತವರಿಗೆ ಅದು ಸುಖ. ಪೇಟಿ ಕಲಿತ ಬೆರಳಿಗೆ ಅದು ಶಿಕ್ಷೆ. ಪೇಟಿಯಲ್ಲಿ ಬೆರಳು ಸುಮ್ಮನೆ ದಾರಿ ತೆರೆಯುತ್ತದೆ, ಜೋರು ಮೆಲ್ಲಗೆ ಮಾಡುವುದು ತಿದಿ ಒತ್ತುವ ಎಡಗೈ. ಇಲ್ಲಿ ತಿದಿಯೇ ಇಲ್ಲ. ಕೀ ಬಡಿದ ಹೊಡೆತಕ್ಕೆ ಮಿಡಿ 1ರಿಂದ 127ರವರೆಗೆ ಅಂಕ ಕೊಡುತ್ತದೆ, ಆ ಅಂಕದ ಮೇಲೆ ದನಿ ಜೋರಾಗುತ್ತದೆ. ಹಾಗಾಗಿ ನಮ್ಮ ಪೇಟಿ ಮಾಸ್ತರು ಆ 88ರ ಮುಂದೆ ಕೂತು ಒಂದು ವಚನ ನುಡಿಸಿದಾಗ ಒಂದು ಸ್ವರ ಕೂಗಿತು, ಮುಂದಿನದು ಪಿಸುಗುಟ್ಟಿತು. "ಇದಕ್ಕ ಉಸಿರ ಇಲ್ಲಪಾ" ಅಂದು ಎದ್ದರು.

ಅವರು ಹೇಳಿದ್ದು ಸರಿ. ಆ ಉಸಿರಿಗೆ ಇಲ್ಲಿ ಎರಡು ದಾರಿ ಇವೆ: ಎಡಗೈಗೆ ಸಿಗುವ ಮಾಡ್ಯುಲೇಷನ್ ಚಕ್ರ, ಕಾಲಿನಲ್ಲಿ ಒತ್ತುವ ಎಕ್ಸ್‌ಪ್ರೆಷನ್ ಪೆಡಲ್. ಇವುಗಳಿಂದ ಸ್ವರವನ್ನು ಹಿಡಿದಿಟ್ಟುಕೊಂಡೇ ಏರಿಸಿ ಇಳಿಸುವ ಹಾಗೆ ಸಾಫ್ಟ್‌ವೇರಿನಲ್ಲಿ ಹೊಂದಿಸಬಹುದು. ಕೊಳ್ಳುವಾಗ ಕೀ ಎಣಿಸುವುದು ಬಿಟ್ಟು ಆ ಪೆಡಲಿನ ತೂತು ಇದೆಯಾ ಅಂತ ಹಿಂದೆ ತಿರುಗಿಸಿ ನೋಡಿ. ಸಸ್ಟೇನ್ ಪೆಡಲಿನ ತೂತು ಬೇರೆ, ಅದನ್ನೇ ತೋರಿಸಿ ಇದೇ ಅಂದಾರು.

ಪಿಚ್ ಬೆಂಡ್ ಚಕ್ರವನ್ನೂ ತಿರುಗಿಸಿ ನೋಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ ಅನ್ನುವ ಆರೋಪದ ಮೇಲೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತ್ತು, 1971ರವರೆಗೆ ಆ ನಿಷೇಧ ಪೂರ್ತಿ ಇತ್ತು. ಪೇಟಿಗೆ ಬಾರದ ಆ ಜಾರುವಿಕೆ ಈ ಸಣ್ಣ ಚಕ್ರಕ್ಕೆ ಬರುತ್ತದೆ. ನಮ್ಮ ಹಾಡಿಗೆ ಬೇಕಾದದ್ದು ಇದು. ಎಡತುದಿಯಲ್ಲಿ ಗುಡುಗುಡು ಅನ್ನುವ ಹತ್ತು ಕೀ ತಗೊಂಡು ತತ್ವಪದಕ್ಕೆ ಏನು ಮಾಡುತ್ತೀರಿ?

88 ಯಾರಿಗೂ ಬೇಡ ಅಂತಲ್ಲ. ಪಿಯಾನೋ ಕಲಿಯುವ ಮಗು ಇದ್ದರೆ ಭಾರದ ಕೀಯೇ ಬೇಕು, ಹಗುರ ಕೀಯಲ್ಲಿ ಕಲಿತ ಬೆರಳು ಮುಂದೆ ಒದ್ದಾಡುತ್ತದೆ. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರು ಎಡಗಡೆಯ ಕೀಗಳನ್ನು ವಾದ್ಯದ ನುಡಿಸುವ ಬಗೆ ಬದಲಿಸುವ ಸ್ವಿಚ್ಚಿನಂತೆ ಬಳಸುತ್ತಾರೆ, ಅವರಿಗೂ ಬೇಕು. ನಿಮ್ಮ ಊರಲ್ಲಿ ಅಂಥವರು ಎಷ್ಟು ಮಂದಿ ಅಂತ ನೀವೇ ಲೆಕ್ಕ ಹಾಕಿ. ನಾಲ್ಕು ಅಡಿ ಉದ್ದದ ಆ ಹಲಗೆಯನ್ನು ಹೊತ್ತು ಬಸ್ ಹತ್ತುವವರು ಎಷ್ಟು ಮಂದಿ ಅಂತಲೂ.

ಉಳಿದ ದುಡ್ಡಿಗೆ ಕೆಲಸ ಇದೆ. ಜನ ಕೇಳುವುದು ಹಾಡುವವರ ದನಿ, ಆದ್ದರಿಂದ ಮೊದಲು ಮೈಕ್. ಹೊರಗೆ ಟ್ರ್ಯಾಕ್ಟರ್, ಕೋಳಿ, ಗಿರಣಿ ಸದ್ದು ಇರುವ ಮನೆಗೆ ಕಂಡೆನ್ಸರ್‌ಗಿಂತ ಬಾಯಿಗೆ ಹತ್ತಿರ ಹಿಡಿಯುವ ಡೈನಾಮಿಕ್ ಮೈಕ್ ವಾಸಿ. ಆಮೇಲೆ ಆಡಿಯೋ ಇಂಟರ್‌ಫೇಸ್. ಅದಿಲ್ಲದೆ ಬರೀ ಲ್ಯಾಪ್‌ಟಾಪಿನಲ್ಲಿ ನುಡಿಸಿದರೆ ಬಹಳ ಸಲ ಕೀ ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ಕೋಣೆಯ ಗುಂಯ್ ಅನ್ನುವ ಸದ್ದಿಗೆ ಅಂಗಡಿಯ ಸ್ಪಂಜಿನ ಹಲಗೆ ಬೇಡ. ಅಜ್ಜಿ ಹೊಲಿದ ಕೌದಿ ಗೋಡೆಗೆ ಎರಡು, ಹಾಡುವವರ ಬೆನ್ನ ಹಿಂದೆ ಒಂದು ತೂಗುಹಾಕಿ.

ಲ್ಯಾಪ್‌ಟಾಪ್ ಇಲ್ಲದವರು ಕಂಟ್ರೋಲರ್ "ಕ್ಲಾಸ್ ಕಂಪ್ಲಯಂಟ್" ಹೌದಾ ಅಂತ ಕೇಳಿ. ಹೌದಾದರೆ ಓಟಿಜಿ ಕೇಬಲ್ ಹಾಕಿ ಆಂಡ್ರಾಯ್ಡ್ ಫೋನಿಗೇ ಜೋಡಿಸಬಹುದು. ಈ ಸಾಲು ಓದುತ್ತಿರುವ ಅದೇ ಫೋನು. ಅಂಗಡಿಯಲ್ಲೇ ಜೋಡಿಸಿ ತೋರಿಸು ಅನ್ನಿ, ತೋರಿಸದಿದ್ದರೆ ಎದ್ದು ಬನ್ನಿ.

ತಮ್ಮ ದೀಪಾವಳಿಗೆ ಅದನ್ನು ವಾಪಸ್ ಒಯ್ದ. ಡಬ್ಬಿ ಬಿಚ್ಚಿದ್ದೀರಿ ಅಂತ ಅಂಗಡಿಯವರು ತಗೊಳ್ಳಲಿಲ್ಲ. ಕೊನೆಗೆ ಪಿಯಾನೋ ಕಲಿಯುವ ಒಬ್ಬ ಕಾಲೇಜು ಹುಡುಗಿಗೆ 22 ಸಾವಿರಕ್ಕೆ ಕೊಟ್ಟ. ಆ ದುಡ್ಡಲ್ಲಿ 49 ಕೀಯದು, ಒಂದು ಮೈಕ್, ಒಂದು ಸಣ್ಣ ಇಂಟರ್‌ಫೇಸ್ ಬಂದವು. ಹೋದ ವಾರ ಮಾಸ್ತರು ಎಡಗೈ ಚಕ್ರದ ಮೇಲಿಟ್ಟು ಅದೇ ವಚನ ನುಡಿಸಿದರು, ಚಿಗವ್ವ ಹಾಡಿದಳು. ಸಂಘದ ಏಳು ಕಂತು ಇನ್ನೂ ಬಾಕಿ ಇವೆ.